ಮಲಗಿದ ಬೇಲಿ

ಗುದ್ದಲಿ ಮುಟ್ಟುವ ಮೊದಲು ಫೋನು ಮಾಡು ಅಂದೆ.
ಮೂರಂಗುಲ ಅಗೆಯೋದಕ್ಕೆ ಯಾರ ಅಪ್ಪಣೆ
ಅಂತ ಗೊಣಗಿದ ವರ್ಲಿನ್. ಆದರೂ ಮಾಡಿದ.
ಮೂರನೆಯ ಬೆಳಿಗ್ಗೆ, ವಿಸ್ಕಾನ್ಸಿನ್ನಿನ ಇಬ್ಬನಿ
ಹುಲ್ಲಿನಿಂದ ಇನ್ನೂ ಇಳಿಯದಿರುವಾಗ
ಕಿತ್ತಳೆ ಅಂಗಿಯ ಹುಡುಗಿಯೊಬ್ಬಳು ಬಂದು
ನಮ್ಮ ಅಂಗಳದ ಹೊಟ್ಟೆಯೊಳಗಿನದನ್ನೆಲ್ಲ
ಬಾವುಟ ನೆಟ್ಟು ಹೇಳಿ ಹೋದಳು:
ಕೆಂಪಿನ ಕೆಳಗೆ ಕರೆಂಟು, ಹಳದಿಯ ಕೆಳಗೆ ಗ್ಯಾಸು,
ನೀಲಿ ಇದ್ದಲ್ಲಿ ನೀರು.
ನಲವತ್ತೊಂದು ವರ್ಷ
ಇದರ ಮೇಲೆಯೇ ನಿಂತು ಬಟ್ಟೆ ಒಣಹಾಕಿದ್ದೇನೆ.
ಕಾಲಡಿಯಲ್ಲಿ ಇಷ್ಟೊಂದು ಓಡಾಟ!

ಗಸ್‌ಗೆ ಯಾವ ಬಣ್ಣವೂ ಸಿಕ್ಕಿರಲಿಲ್ಲ.
ಕಾಡುಸೇಬಿನ ಮರದ ಪಕ್ಕ, ಹಸಿರು ಕಂಬಳಿಯಲ್ಲಿ ಸುತ್ತಿ
ನಾವೇ ಮಲಗಿಸಿದ್ದು, ಹೋದ ವರ್ಷದ ಹಿಂದಿನ ಮಾರ್ಚಿನಲ್ಲಿ.
ತಿರುವಿನಲ್ಲಿ ಹಾಲಿನ ಟ್ಯಾಂಕರು ಬ್ರೇಕು ಹಾಕಿದ ಸದ್ದು
ಕೆಲವು ರಾತ್ರಿ ಈಗಲೂ
ನಮ್ಮ ಅಡುಗೆಮನೆಯವರೆಗೆ ಬಂದು ನಿಲ್ಲುತ್ತದೆ.

ಬಾವುಟದ ಹತ್ತಿರ ಯಂತ್ರ ಬೇಡ, ಕೈಯಲ್ಲೇ ಕೆದಕಬೇಕು.
ಕೆಂಪು ಗೆರೆಯ ಜೊತೆಜೊತೆಗೆ ಹೋಗಬಾರದು,
ದಾಟಲೇಬೇಕಾದರೆ ಅಡ್ಡಡ್ಡ, ನೆಟ್ಟಗೆ ದಾಟಬೇಕು.
ನಾನು ಪುಸ್ತಕ ಓದುತ್ತಾ ಹೋದೆ,
ಅವನು ಮಂಡಿಯೂರಿ ತಂತಿ ಒತ್ತುತ್ತಾ ಹೋದ.
ಗ್ಯಾರೇಜಿನ ಪೆಟ್ಟಿಗೆಯಿಂದ ಅಂಚಿನವರೆಗೆ
ಎರಡು ತಂತಿ ಜಡೆಯಂತೆ ಹೆಣೆದರೆ
ಒಂದರ ಮಾತನ್ನು ಇನ್ನೊಂದು ನುಂಗಿಕೊಳ್ಳುತ್ತದಂತೆ,
ನಾಯಿ ಅಲ್ಲಿ ಹೆದರದೆ ಓಡಾಡಬಹುದಂತೆ.
ಅದು ನಮಗೆ ಗೊತ್ತಿಲ್ಲದ ವಿದ್ಯೆಯೇ,
ಅಂದ ವರ್ಲಿನ್, ತಲೆ ಎತ್ತದೆ.

ಕಾಡುಸೇಬಿನ ಹತ್ತಿರ ಕೈ ನಿಂತಿತು.
ಮೂಲೆಗಳನ್ನು ಬಾಗಿಸಿ, ಚೂಪು ಮಾಡಬೇಡಿ ಎಂದಿತ್ತು ಪುಸ್ತಕ.
ಅಲ್ಲಿ ಮೂಲೆಯೇ ಇರಲಿಲ್ಲ.
ರಸ್ತೆಗೆ ಹತ್ತಡಿ ಬಿಟ್ಟು, ಮರದ ಆಚೆಯಿಂದ
ಅರ್ಧಚಂದ್ರದಂತೆ ಸುತ್ತಿಸಿದ.
ಈ ಸಲ ಒಳಗೇ ಇರಲಿ, ಅಂದ.

ಕೊರಳಪಟ್ಟಿ ಮೊದಲು ನನಗೆ,
ಎಂದು ಎರಡು ಮೊಳೆಗಳನ್ನು ಮುಂಗೈಗೆ ಒತ್ತಿಕೊಂಡು
ತಂತಿಯ ಕಡೆಗೆ ನಡೆದ.
ಕೀಂ ಅಂತು. ಇನ್ನೊಂದು ಹೆಜ್ಜೆ.
ಅವನಜ್ಜಿ ನಾರ್ವೆಯಿಂದ ತಂದಿದ್ದ ಬೈಗುಳವೊಂದು
ಅರವತ್ತು ವರ್ಷದ ಮೇಲೆ ಹೊರಬಂತು.
ಐದರಲ್ಲಿದ್ದ ಗುಂಡಿಯನ್ನು ಎರಡಕ್ಕೆ ತಿರುಗಿಸಿದ.

ಟಿಲ್ಲಿಗೆ ಮೊದಲ ವಾರ ಬರೀ ಸದ್ದು;
ಮೊಳೆಗಳಿಗೆ ರಬ್ಬರಿನ ಟೋಪಿ.
ಬಿಳಿ ಬಾವುಟದವರೆಗೆ ಹಗ್ಗ ಹಿಡಿದು ನಡೆ,
ಕೀಂ ಅಂದರೆ ಹಿಂದಿರುಗು, ಚೀಸಿನ ಚೂರು ತಿನ್ನು.
ಹೀಗೆ ಹದಿನೈದು ದಿನ. ಚೀಸು ತಿಂದು
ಇಬ್ಬರೂ ದಪ್ಪಗಾದರು.
ರಾತ್ರಿ ಪಟ್ಟಿ ಬಿಚ್ಚಿ, ಕೂದಲು ಸರಿಸಿ,
ಕತ್ತು ಕೆಂಪಾಗಿದೆಯೇ ಎಂದು ಬೆರಳಲ್ಲೇ ಹುಡುಕುತ್ತಾನೆ,
ಕನ್ನಡಕ ಎಲ್ಲಿಟ್ಟನೋ.

ಬೇಲಿ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ.
ಇದು ಮಲಗಿದ ಬೇಲಿ, ಏಳುವುದಿಲ್ಲ.
ಮೇಯುವ ಕೆಲಸ ಜಿಂಕೆಗಳದು:
ಬಂದು, ಬೀನ್ಸು ತಿಂದು, ಕಿವಿ ಅಲ್ಲಾಡಿಸಿ ಹೋಗುತ್ತವೆ.
ಬಾವುಟ ಕಿತ್ತು ತಿಂಗಳಾದರೂ
ಟಿಲ್ಲಿ ಆ ಗೆರೆಯಲ್ಲೇ ನಿಂತು ಬೊಗಳುತ್ತಾಳೆ.

ಒಂದೇ ತೊಡಕು.
ಸಂಜೆ ಪಟ್ಟಿ ಬಿಚ್ಚಿ, ಪೆಟ್ಟಿಗೆ ಆರಿಸಿ,
ಬಾ ತಿರುಗಾಡಿಕೊಂಡು ಬರೋಣ ಅಂದರೆ
ಒಲ್ಲೆ. ನಾಲ್ಕು ಕಾಲೂ ನೆಲಕ್ಕೆ ಬೇರು.
ಚೀಸಿಗೂ ಜಗ್ಗುವುದಿಲ್ಲ.
ಹಾಗಾಗಿ ದಿನಾ ಐದೂವರೆಗೆ
ಮಂಡಿ ನೋವಿನ ವರ್ಲಿನ್ ಬಗ್ಗಿ,
ಮೂವತ್ತು ಕಿಲೋ ನಾಯಿಯನ್ನು ಮದುಮಗಳಂತೆ ಎತ್ತಿ
ಇಲ್ಲದ ಬೇಲಿಯನ್ನು ದಾಟಿಸುತ್ತಾನೆ.
ನನ್ನನ್ನು ಒಮ್ಮೆಯೂ ಎತ್ತಿದವನಲ್ಲ.

ತಿರುವಿನಲ್ಲಿ ಟ್ಯಾಂಕರು ಈಗ ನಿಧಾನ.
ಎರಡು ವರ್ಷ ಈ ಕಡೆ ನೋಡದೆ ಹೋಗುತ್ತಿದ್ದ ಡ್ವೇನ್
ಸ್ಟೀರಿಂಗಿನಿಂದ ಎರಡು ಬೆರಳು ಎತ್ತುತ್ತಾನೆ.
ವರ್ಲಿನ್‌ನ ಎರಡೂ ಕೈ ತುಂಬ ನಾಯಿ.
ಗದ್ದವನ್ನಷ್ಟೇ ಎತ್ತುತ್ತಾನೆ.