ಸುಮ್ಮನೆ ಬಿಟ್ಟ ತುದಿ

ಮೂಂಟಾದ ಪ್ರಾಣಿ ದವಾಖಾನೆಯಲ್ಲಿ
ಮೇಜಿನ ಕೆಳಗೆ ಮಂಡಿಯೂರಿದ್ದೇನೆ,
ಬಾಯಲ್ಲಿ ಟಾರ್ಚು. ಹೊರಗೆ ನಲವತ್ತಮೂರು ಡಿಗ್ರಿ.
ಮೂರು ಸ್ವಿಚ್ಚು, ಒಂದು ರೂಟರು,
ಹಿಂದಿನವನಾರೋ ಬಿಟ್ಟುಹೋದ
ಶಾವಿಗೆ ರಾಶಿ.

ದೂರು ಇಷ್ಟೇ: ಎಕ್ಸ್‌ರೇ ಕೋಣೆಯಿಂದ
ನಾಯಿಯ ಮುರಿದ ಕಾಲು ಹೊರಟು
ಡಾಕ್ಟರ್ ರೊವೀನಾಳ ಪರದೆ ಮುಟ್ಟುವ ಹೊತ್ತಿಗೆ
ನಾಯಿಯೇ ಮಂಪರು ತಿಳಿದು ಎದ್ದಿರುತ್ತದೆ.

ಎಳೆ ಹಿಡಿದು ಹೋದೆ. ಕಂಡಿತು.
ರೂಟರಿನ ಬಾಲಕ್ಕೆ ಒಂದು ಸ್ವಿಚ್ಚು,
ಅದರ ಬಾಲಕ್ಕೆ ಇನ್ನೊಂದು,
ಇನ್ನೊಂದರ ಬಾಲಕ್ಕೆ ಮತ್ತೊಂದು,
ಕೊಟ್ಟಕೊನೆಗೆ, ಬೆಕ್ಕಿನ ಪಂಜರಗಳ ಹಿಂದೆ, ಎಕ್ಸ್‌ರೇ.
ನಗು ಬಂತು. ಈ ಜಗಳ ನನಗೆ ಗೊತ್ತು.

ನಮ್ಮಪ್ಪ ಮಸ್ಕಿ ಕಡೆಯ ಕಾಲುವೆಗೆ ನೀರಗಂಟಿ.
ಬೀಗದಕೈ ಸೊಂಟಕ್ಕೆ ಸಿಕ್ಕಿಸಿ
ನಡುರಾತ್ರಿ ತೂಬು ನೋಡಲು ಹೋಗುತ್ತಿದ್ದ.
ಮೇಲಿನವ ಕುಡಿದು ಮಿಕ್ಕಿದ್ದು ಕೆಳಗಿನವಗೆ,
ಅವನು ಕುಡಿದು ಮಿಕ್ಕಿದ ಕೆಸರು ಕೊನೆಯವಗೆ.
ಕೊನೆಯ ಹೊಲದ ಶಿವಲಿಂಗವ್ವ ಅಂಗಳದಲ್ಲಿ ನಿಂತು
ಬೈದದ್ದು ಅವನನ್ನಲ್ಲ,
ದೂರವನ್ನು.

ಹಾಗಾಗಿ, ರೂಟರು ನಡುವೆ.
ಪ್ರತಿ ಸ್ವಿಚ್ಚಿಗೂ ಅದರಿಂದಲೇ ನೇರ ಎಳೆ.
ಚೀಟಿಯಲ್ಲಿ ಬರೆದರೆ
ಮಗು ಗೀಚಿದ ಸೂರ್ಯನ ಹಾಗೆ ಕಂಡಿತು.

ಕೌಂಟರಿನ ಬೆವ್ ಟ್ರೆಗೆನ್ಜಾ ಬಗ್ಗಿ ನೋಡಿದಳು.
ಎಪ್ಪತ್ತೊಂಬತ್ತು ಅವಳಿಗೆ. ವಾರಕ್ಕೆರಡು ದಿನ
ಸಂಬಳವಿಲ್ಲದೆ ಬಂದು ಬೆಕ್ಕುಗಳ ಹೆಸರು ಬರೆದುಕೊಳ್ಳುತ್ತಾಳೆ.
ಹದಿನೇಳಕ್ಕೆ ಇದೇ ಬೀದಿಯ
ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಯ ಮುಂದೆ ಕೂತವಳು.
"ಊರಿನ ತಂತಿಯೆಲ್ಲ ನನ್ನ ಮೊಣಕೈಗೆ ಬರುತ್ತಿತ್ತು,
ಯಾರ ಮನೆಯೂ ಯಾರ ಮನೆಯ ಹಿಂದೆ ಇರಲಿಲ್ಲ."
ಅಷ್ಟೇ, ಅಂದೆ.
ಡಾಕ್ಟರಿಗೆ ಗಂಟೆಗಟ್ಟಲೆ ವಿವರಿಸಿದ್ದು ಅಷ್ಟೇ.

ಬಿಳಿ ಪಟ್ಟಿ ಹರಿದು ಹರಿದು ಕೇಬಲ್ಲಿಗೆ ಸುತ್ತಿದೆ:
ತೂಕದ ಕೋಣೆ. ಎಕ್ಸ್‌ರೇ. ಔಷಧಿ.
ಕನ್ನಡದಲ್ಲೇ ಬರೆದುಬಿಟ್ಟಿದ್ದೆ, ಕೈಯ ಚಾಳಿ.
ನಾಲಿಗೆ ಕಚ್ಚಿಕೊಂಡು ಕೆಳಗೆ ಇಂಗ್ಲಿಷು ಸೇರಿಸಿದೆ.

ನಾಲ್ಕಕ್ಕೆ ಚಹಾ ಬಾಯಿಗಿಡುವಾಗ
ಎಲ್ಲ ಒಮ್ಮೆಗೇ ಸತ್ತಿತು. ಬಿಲ್ಲು, ತಕ್ಕಡಿ, ಫೋನು.
ಓಡಿದೆ. ಮೂರೂ ಪೆಟ್ಟಿಗೆಯ ದೀಪಗಳು
ಕಾದೆಣ್ಣೆಯ ಸಾಸಿವೆಯಂತೆ ಸಿಡಿಯುತ್ತಿವೆ.
ಯಾರೋ ಒಂದು ಮಾತು ಆಡಿದ್ದಾರೆ;
ಅದು ಸುತ್ತಿ ಬಂದು, ತನ್ನನ್ನೇ ಕೇಳಿಸಿಕೊಂಡು,
ಇಮ್ಮಡಿ ದನಿ ತೆಗೆದು ಮತ್ತೆ ಹೊರಟಿದೆ.
ಯಾರಲ್ಲಿ, ಯಾರಲ್ಲಿ, ಯಾರಲ್ಲಿ ಎಂದು
ಎಲ್ಲರೂ ಕೂಗುತ್ತ
ನಾನಿಲ್ಲಿ ಅನ್ನಲು ಒಬ್ಬರಿಗೂ ಬಿಡುವಿಲ್ಲ.

ಸಿಕ್ಕಿತು. ನೀಲಿ ಕೇಬಲ್ಲೊಂದು,
ಎರಡು ತುದಿಯೂ ಒಂದೇ ಸ್ವಿಚ್ಚಿನಲ್ಲಿ,
ತನ್ನ ಕಿವಿಗೆ ತಾನೇ ಬಾಯಿಟ್ಟು.

ಬಾಗಿಲಲ್ಲಿ ಬೆವ್: "ಒಂದು ತುದಿ ನೇತಾಡುತ್ತಿತ್ತು.
ಪಾಪ ಅನ್ನಿಸಿತು. ಖಾಲಿ ತೂತೂ ಇತ್ತಲ್ಲ."
ಅರವತ್ತು ವರ್ಷವಾದರೂ
ಬಿಡಿ ತಂತಿ ಕಂಡರೆ ಮನೆ ಹುಡುಕುವ ಬೆರಳು.

ಎಳೆದೆ.
ದೀಪಗಳು ಒಂದೊಂದಾಗಿ
ತಂತಮ್ಮ ಕೆಲಸಕ್ಕೆ ಮರಳಿದವು.
ಒಳಗೆಲ್ಲೋ ಕೆಲ್ಪಿ ನಾಯಿ ಬೊಗಳಿತು,
ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೆಂಪಾಗಿದ್ದಳು. ನಾನು ಏನೂ ಅನ್ನಲಿಲ್ಲ.
ಅವಳೇ ಅಂದಳು: "ಅರವತ್ನಾಲ್ಕರಲ್ಲೊಮ್ಮೆ
ಪಾದ್ರಿಯ ತಂತಿಯನ್ನು
ಕುದುರೆ ಜೂಜಿನವನಿಗೆ ಜೋಡಿಸಿಬಿಟ್ಟಿದ್ದೆ.
ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು.
ಯಾರೂ ದೂರು ಕೊಡಲಿಲ್ಲ."

ಆ ತುದಿ ಮುಂದಿನ ತಿಂಗಳ ಯಂತ್ರಕ್ಕೆ.
ಅಲ್ಲಿಯತನಕ ಅದು ನೇತಾಡಬೇಕು.
ನೇತಾಡುವುದೂ ಒಂದು ಕೆಲಸವೇ ಅಂದೆ;
ನಂಬಿದಳೋ ಇಲ್ಲವೋ.
ನಾಯಿ ಪಾದಕ್ಕೆ ಸುತ್ತುವ ಗುಲಾಬಿ ಬ್ಯಾಂಡೇಜು ತಂದು
ಗಾಯವಿಲ್ಲದ ಅದರ ಮೂತಿಗೆ
ಎರಡು ಸುತ್ತು ಸುತ್ತಿದಳು.

ಅದರ ಮೇಲೆ ನಾನು ಬರೆದೆ: ಕಾಯುತ್ತಿದೆ.
ಅರ್ಥ ಕೇಳದೆಯೇ ಪೆನ್ನು ಕಸಿದುಕೊಂಡು
ಕೆಳಗೆ ತನ್ನ ಇಂಗ್ಲಿಷಿನಲ್ಲಿ ಅನುವಾದಿಸಿದಳು:
ಬೆವ್, ಮುಟ್ಟಬೇಡ.