ಪಾಠಾಂತರ

ಇಪ್ಪತ್ತಾರು ವರ್ಷ ಓಲೆಗರಿ ಓದಿದ್ದೇನೆ
ಮೈಸೂರಿನ ಈ ಹಳೇ ಕಟ್ಟಡದಲ್ಲಿ,
ನಿಂಬೆಹುಲ್ಲಿನ ಎಣ್ಣೆವಾಸನೆ ಸೆರಗಿಗಂಟಿಸಿಕೊಂಡು.
'ಕ' ಪ್ರತಿಯಲ್ಲಿ 'ಬಲ' ಅಂತಿದ್ದರೆ
'ಗ' ಪ್ರತಿಯಲ್ಲಿ 'ಫಲ'.
ಪುಟದ ಕೆಳಗೆ ಸಣ್ಣಕ್ಷರದಲ್ಲಿ ಗುರುತು ಹಾಕುತ್ತೇನೆ: ಪಾಠಾಂತರ.
ತಪ್ಪು ಅಂತ ಬರೆಯುವುದಿಲ್ಲ.
ಮೊದಲ ದಿನವೇ ಪಂಡಿತರು ಹೇಳಿದ್ದರು,
ಮೂಲಪ್ರತಿ ಕಂಡವರು ಯಾರಿದ್ದಾರೆ ತಾಯಿ,
ತಪ್ಪು ಅನ್ನಲಿಕ್ಕೆ?

ನನ್ನ ತಮ್ಮ ಗುರುಮಲ್ಲು ಸೌದೆಕಡ್ಡಿಯಂಥವನು.
ಭಾನುವಾರ ಬೆಳಕು ಹರಿಯುವ ಮುಂಚೆ
ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ
ನಂದಿಯ ಬಳಿ ನಿಂತು ಫೋಟೋ ಕಳಿಸುತ್ತಾನೆ.
ಮೂವತ್ತನಾಲ್ಕಕ್ಕೆ ಅವನ ರಕ್ತದಲ್ಲಿ
ಇನ್ನೂರ ಹದಿನೆಂಟು, ಖಾಲಿ ಹೊಟ್ಟೆಯಲ್ಲಿ.
ಹಿಂದಿನ ದಿನ ಮೂರು ಕಾಯಿಹೋಳಿಗೆ ತಿಂದ ನನಗೆ
ತೊಂಬತ್ತೆರಡು.
'ಅಕ್ಕಾ, ನಾನೇನ್ ಮಾಡ್ದೆ?' ಅಂದ,
ಯಾರೋ ಅವನ ಹೆಸರಲ್ಲಿ ಸಾಲ ಎತ್ತಿದ್ದಾರೆ ಅನ್ನೋ ಹಾಗೆ.

ಸರಸ್ವತಿಪುರದ ಡಾಕ್ಟರು ಬಿಳಿ ಹಾಳೆ ಎಳೆದುಕೊಂಡು
ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರತ್ತೆ,
ಚೌಕ, ದುಂಡು, ಗೆರೆ ಬರೆಯುತ್ತಾ ಹೋದರು.
ಒಂದಕ್ಷರ ಬೇರೆ ಇರಬಹುದಮ್ಮಾ, ಅಂದರು.
ಒಂದೇ ಅಲ್ಲ, ನೂರಾರು. ಒಂದೊಂದರ ತೂಕ ಸಾಸಿವೆಯಷ್ಟು.
ಎಲ್ಲ ಒಂದೇ ತಟ್ಟೆಗೆ ಬಿದ್ದರೆ
ತಕ್ಕಡಿ ಆ ಕಡೆ ವಾಲುತ್ತದೆ.
ಬೀಳಲೇಬೇಕು ಅಂತಿಲ್ಲ. ವಾಲುತ್ತದೆ.

ಮನೆಗೆ ಬಂದು ನಮ್ಮವರನ್ನೆಲ್ಲ ಕಟ್ಟು ಬಿಚ್ಚಿ ಓದಿದೆ.
ಅಜ್ಜನ ಕಾಲ್ಬೆರಳು ಹೋದದ್ದು
ಒಂದು ಪ್ರತಿಯಲ್ಲಿ ಮುಳ್ಳು ಚುಚ್ಚಿ,
ಇನ್ನೊಂದರಲ್ಲಿ ಹೊಸ ಮೆಟ್ಟು ಕಚ್ಚಿ,
ದೊಡ್ಡಮ್ಮನ ಪ್ರಕಾರ ಯಾರದೋ ಕಣ್ಣು ತಾಗಿ.
ಕೊಟ್ಟಿಗೆಯ ಹಿಂದೆ ಅವನು ಕೂತೆದ್ದ ಜಾಗಕ್ಕೆ
ಇರುವೆ ಮುತ್ತುತ್ತಿದ್ದದ್ದು ಮಾತ್ರ
ಎಲ್ಲ ಪ್ರತಿಗಳಲ್ಲೂ ಇದೆ.
ನಮ್ಮ ವಂಶವನ್ನು ಸರಿಯಾಗಿ ಓದಿದ ಮೊದಲಿಗರು
ಆ ಇರುವೆಗಳೇ ಇರಬೇಕು.

ಅವ್ವ ಸೋದರಮಾವನನ್ನೇ ಕಟ್ಟಿಕೊಂಡವಳು.
ಒಂದೇ ಓಲೆಯಿಂದ ಎರಡು ನಕಲಿಳಿಸಿ
ಮತ್ತೆ ಒಂದೇ ದಾರಕ್ಕೆ ಪೋಣಿಸಿದ ಹಾಗೆ.
ಗುರುಮಲ್ಲುವಿಗೆ ಎರಡು ಕಡೆಯಿಂದಲೂ ಅದೇ ಪಾಠ ಬಂತೋ ಏನೋ,
ನನಗೆ ಒಂದು ಕಡೆಯಿಂದಷ್ಟೇ ಬಂತೋ,
ಬಂದೂ ಸುಮ್ಮನಿದೆಯೋ.

ಯಾಕೆಂದರೆ ಕಂಟದಲ್ಲಿ ಕೊರೆದ ಅಕ್ಷರ
ಕೊರೆದ ಮಾತ್ರಕ್ಕೆ ಕಾಣುವುದಿಲ್ಲ.
ಗರಿ ಬರಿದೇ ಇದೆ ಅನಿಸುತ್ತದೆ, ಬೆರಳಿಗಷ್ಟೇ ಸಣ್ಣ ತರಿ.
ದೀಪದ ಮಸಿ ಬಳಿದು ಒರೆಸಿದಾಗ
ಗೀರುಗಳಲ್ಲಿ ಕಪ್ಪು ನಿಂತು
ಸಾಲಿಗೆ ಸಾಲೇ ಎದ್ದು ಬರುತ್ತದೆ.
ಮಸಿ ಯಾವುದು? ಕೇಳಿದ್ದೆ ಡಾಕ್ಟರನ್ನು.
ಕೂತು ಮಾಡುವ ಕೆಲಸ, ಕೆಟ್ಟ ನಿದ್ದೆ,
ಸೊಂಟದ ಸುತ್ತಳತೆ, ಬಿಳಿ ಅನ್ನದ ಎರಡನೇ ಸಲ,
ಇನ್ನೂ ಏನೇನೋ, ನಮಗೂ ಎಲ್ಲ ಗೊತ್ತಿಲ್ಲ, ಅಂದರು.
'ಗೊತ್ತಿಲ್ಲ' ಅಂದದ್ದಕ್ಕೇ ನನಗವರು ಹಿಡಿಸಿದ್ದು.

ಮೆಟ್ಟಿಲು ಹತ್ತಿಯೂ ತಮ್ಮನಿಗೆ ಬಂತಲ್ಲ?
ಹತ್ತದಿದ್ದರೆ ಇಪ್ಪತ್ತೈದಕ್ಕೇ ಬರುತ್ತಿತ್ತೇನೋ.
ಬರೆಯದ ಪ್ರತಿಯನ್ನು ಯಾರು ಹೋಲಿಸಿ ನೋಡುತ್ತಾರೆ.

ಹತ್ತೊಂಬತ್ತರ ಮಗಳು ಇಂಚರ ಕೇಳಿದಳು ನಿನ್ನೆ,
'ನನ್ನಲ್ಲೂ ಇದ್ಯಾ ಅಮ್ಮ? ಟೆಸ್ಟ್ ಮಾಡಿಸ್ಲಾ?'
ಲಿಪಿಕಾರರು ಕೊನೆಯ ಗರಿಯಲ್ಲಿ ಕೈಮುಗಿದು ಬರೆಯುತ್ತಾರೆ,
ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದುವುದು, ಅಂತ.
ಅದನ್ನೇ ಹೇಳೋಣ ಅಂತ ಬಾಯಿ ತೆರೆದೆ.
ದೊಡ್ಡ ಮಾತಾದೀತು ಅನಿಸಿತು.
'ನಿನ್ನಿಷ್ಟ' ಅಂದೆ.

ಅವಳು ಟೀ ಲೋಟಕ್ಕೆ ಸಕ್ಕರೆ ಹಾಕಿಕೊಂಡಳು,
ಒಂದು ಚಮಚ.
ಎರಡನೆಯದಕ್ಕೆ ಹೋದ ಕೈ
ಡಬ್ಬಿಯ ಬಾಯಲ್ಲಿ ಸ್ವಲ್ಪ ನಿಂತಿತು.
ನಾನು ತಲೆಯೆತ್ತಲಿಲ್ಲ.
'ಗ' ಪ್ರತಿಯ ಎಂಟನೇ ಗರಿಯನ್ನು
ಬೆಳಕಿಗೆ ಓರೆ ಹಿಡಿದು ಓದುತ್ತಿದ್ದೆ.