ಏಳನೇ ನಂಬರಿನ ಫಾರಂ

ಹರಾಜಿಗೆ ಮುಂಚೆ ಬರೆದುಕೊಡು ಅಂದಿದ್ದಾರೆ,
ಎಂಜಿನ್ನಿಗೊಂದು ಹಾಳೆ, ಒಟ್ಟು ಹನ್ನೊಂದು:
ಬಂದ ದಿನ, ಓಡಿದ ತಾಸು, ಕೆಟ್ಟದ್ದು, ಕಟ್ಟಿದ್ದು,
ಈಗಿನ ಸ್ಥಿತಿ.
ಮುಸಫ್ಫಾದ ಯಾರ್ಡಿನಲ್ಲಿ ಕಂಟೇನರೇ ಆಫೀಸು,
ಏಸಿ ತೊಟ್ಟಿಕ್ಕುವ ಕಡೆ ಒಂದು ಬಕೆಟ್ಟು.
ನಾನು, ಹಟ್ಟಿ ಗಣಿಯ ಮೌನೇಶ,
ಕಾರ್ಬನ್ ಇಟ್ಟು ಒತ್ತಿ ಬರೆಯುತ್ತಿದ್ದೇನೆ.

ಹದಿನೆಂಟು ಟನ್ನಿನ ಬ್ಯಾಟರಿ ಎಂಜಿನ್ನುಗಳು.
ಮೇಲೆ ತಂತಿಯಿಲ್ಲ, ಹೊಗೆಯಿಲ್ಲ, ಕಿಟಕಿಗೆ ಗಾಜಿಲ್ಲ.
ಎರಡು ಮೋಟಾರು, ಬೆನ್ನ ಮೇಲೆ ಸೀಸದ ಪೆಟ್ಟಿಗೆ.
ಎಂಟು ತಾಸು ಓಡಿದರೆ ಎಂಟು ತಾಸು ಚಾರ್ಜು.
ನಮಗಿಂತ ವಾಸಿ, ಎನ್ನುತ್ತಿದ್ದ ಟೇಕ್ ಬಹಾದುರ್,
ಕ್ಯಾಂಪಿನ ಬಸ್ಸಿನಲ್ಲಿ ನಿಂತೇ ತೂಕಡಿಸುತ್ತ.

ಒಳಕ್ಕೆ ಕಾಂಕ್ರೀಟಿನ ಬಳೆಚೂರು, ಹೊರಕ್ಕೆ ಕೆಸರು.
ಇಷ್ಟೇ. ನಾಲ್ಕು ವರ್ಷ.
ಅಬುಧಾಬಿಯ ಕೊಳೆ ಹರಿಯಲಿಕ್ಕೆಂದು
ಅಬುಧಾಬಿಯ ಕೆಳಗೆ ನಮ್ಮದೊಂದು ರೈಲು,
ಸ್ಟೇಷನ್ನಿಲ್ಲ, ಟಿಕೆಟ್ಟಿಲ್ಲ, ನಕ್ಷೆಯಲ್ಲಿಲ್ಲ.
ಮೇಲೆ ಮಾಲಿನ ತಣ್ಣನೆ ನೆಲದಲ್ಲಿ ಯಾರೋ
ಚಪ್ಪಲಿ ಆರಿಸುತ್ತಿದ್ದಾಗ
ಕೆಳಗೆ ನಾನು ಎರಡನೇ ನಾಚಿನಲ್ಲಿ ಏರು ಹತ್ತುತ್ತಿದ್ದೆ.

ಅಪ್ಪ ಹಟ್ಟಿಯ ಗಣಿಯೊಳಗೆ ಇಂಥದನ್ನೇ ಓಡಿಸಿದವನು.
ಅವನು ಎಳೆದು ತಂದದ್ದು ಚಿನ್ನದ ಕಲ್ಲು.
ನೀವೇನು ತರ್ತೀರೋ ಅಲ್ಲಿ? ಅಂತ ಫೋನಿನಲ್ಲಿ ಕೇಳಿದ್ದ.
ಜಾಗ, ಅಂದೆ. ಬರೀ ಜಾಗ.
ಅರ್ಥವಾಗದೆ, ಊಟ ಆಯ್ತಾ ಅಂದ.

ಒಂದನೆಯದು: ಮೊದಲ ಬೇಸಿಗೆಗೇ ಚಾರ್ಜರು ಸುಟ್ಟಿತು.
ಎರಡು, ಮೂರು ಸಾಧು.
ನಾಲ್ಕಕ್ಕೆ ಮುಂದಕ್ಕಿಂತ ಹಿಂದಕ್ಕೆ ಓಡುವುದೇ ಖುಷಿ.
ಐದರ ಬ್ರೇಕು ಹಿಡಿದರೆ ಇಡೀ ಸುರಂಗಕ್ಕೆ
ಹಲ್ಲು ಜುಮ್ಮೆನ್ನುತ್ತಿತ್ತು.
ಆರರಿಂದಾಚೆ ಎಲ್ಲಕ್ಕೂ ಒಂದೇ ಕಾಯಿಲೆ,
ಸುಣ್ಣಕಲ್ಲಿನ ಬಿರುಕಲ್ಲಿ ಸೋರುವ ಉಪ್ಪುನೀರು,
ಕಾಂಟ್ಯಾಕ್ಟರಿನ ನಾಲಿಗೆಗೆ ಹಸಿರು ಕಿಲುಬು.
ಹನ್ನೊಂದು ತಡವಾಗಿ ಬಂತು,
ಅದರ ಸೀಟಿನ ಪ್ಲಾಸ್ಟಿಕ್ಕು ಯಾರೂ ಹರಿದಿಲ್ಲ.

ಖರೀದಿಗೆ ಬಂದವನು ಎರಡು ಸಲ ಎಣಿಸಿದ:
ಹತ್ತೇ ಇವೆಯಲ್ಲ?

ಎರಡನೇ ರಂಜಾನಿನಲ್ಲಿ ಬಿಡಿಭಾಗದ ಹಡಗು ಎಲ್ಲೋ ನಿಂತಿತು.
ಎಲೆಕ್ಟ್ರಿಷಿಯನ್ ಎಫ್ರೆನ್ ಏಳರ ಎಡಮೋಟಾರು ಬಿಚ್ಚಿ
ಎರಡಕ್ಕೆ ಹಾಕಿದ, ಒಂದೇ ವಾರಕ್ಕೆ ಅಂತ.
ವಾರ ಮುಗಿಯಲಿಲ್ಲ.
ಸೆಲ್ಲುಗಳು ಒಂದೊಂದಾಗಿ ಐದಕ್ಕೆ, ಎಂಟಕ್ಕೆ,
ದೀಪ ಮೂರಕ್ಕೆ, ಹಾರ್ನು ಒಂಬತ್ತಕ್ಕೆ,
ಗಾಲಿಯ ಒಂದು ಜೋಡಿ ಹತ್ತಕ್ಕೆ.
ಯಾವುದು ಎಲ್ಲಿಗೆ ಹೋಯಿತೆಂದು
ಬರಿಯ ಚಾಸಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ,
ಸಾಲ ಕೊಟ್ಟವನ ಹಾಗೆ.
ಮತ್ತೆ ಒಬ್ಬ ಹೊಸ ಹುಡುಗ ಹೋಸ್‌ಪೈಪು ಹಿಡಿದು
ಚೊಕ್ಕ ತೊಳೆದುಬಿಟ್ಟ.

ಸುರಂಗ ಮುಗಿದ ಮೇಲೆ ಹಳಿ ಕೀಳುವ ಕೆಲಸ.
ಆಚೆ ತುದಿಯಿಂದ ಶುರು. ಕಿತ್ತದ್ದನ್ನು ಹೇರಿಕೊಂಡು
ಉಳಿದದ್ದರ ಮೇಲೆ ಹಿಂದಕ್ಕೆ ಬರಬೇಕು,
ಮುಂದೆ ಕಂಡಷ್ಟೂ ಬರಿ ಕೊಳವೆ.
ನಾಲ್ಕು ಎಳೆಯಿತು. ಹಿಂದಕ್ಕೆ ತಾನೇ, ಖುಷಿಯಾಗಿ.
ಹಳಿ ಹೇರಿದ ಟ್ರಾಲಿ ಯಾವುದೆಂದು ಬಗ್ಗಿ ನೋಡಿದರೆ
ಪೇಂಟಿನ ಕೆಳಗೆ ಏಳು.
ತನ್ನ ದಾರಿಯನ್ನು ತಾನೇ ಹೊತ್ತು
ಕೊನೆಯ ತುಂಡಿನ ತನಕ ಬಂತು.
ಕೊನೆಯ ತುಂಡನ್ನು ಕ್ರೇನು ಎತ್ತಿತು,
ಮಾರನೇ ವಾರ ಗುಜರಿಯವರು ಟ್ರಾಲಿಯನ್ನೂ ತುಂಡರಿಸಿದರು.
ಈಗ ಅಲ್ಲಿ ನೀರಿದೆ.

ಕಂಪನಿ ಹತ್ತು ಹಾಳೆಯನ್ನು ಒಪ್ಪುವುದಿಲ್ಲ.
ಬಂದ ದಿನ ಬರೆದೆ. ತಾಸು ಬರೆದೆ.
ಈಗಿನ ಸ್ಥಿತಿ ಎಂಬಲ್ಲಿ ಪೆನ್ನು ಕೊಡವಿ,
ಎಫ್ರೆನ್ ಇದ್ದಿದ್ದರೆ ನಗುತ್ತಿದ್ದ,
ಚಾಲ್ತಿಯಲ್ಲಿದೆ, ಎಂದು ಬರೆದೆ.

ಸ್ಟೋರಿನ ಸೈತಲವಿ ಓದದೆ ಸೀಲು ಒತ್ತಿದ.
ಹೊರಗೆ ಒಂಬತ್ತನ್ನು ಲಾರಿಗೇರಿಸುವಾಗ
ಬ್ಯಾಟರಿಯ ತಳದಲ್ಲಿ ತುಸು ಉಳಿದಿತ್ತೇನೋ,
ಯಾರದೋ ಮೊಣಕೈ ತಾಗಿ
ಹಾರ್ನು ಕೂಗಿತು.